ಎಡ ಹೆಗಲಿನ ಎಣ್ಣೆ ಕಲೆ

ರೂಬಿ, ಅಭಿ, ಇಬ್ಬರೂ ಸ್ವಲ್ಪ ಹೊತ್ತು ಮೊಬೈಲು ಕೆಳಗಿಟ್ಟು ಇದನ್ನು ಓದಿ. ಬಾಯಿಂದ ಹೇಳೋಣ ಎಂದರೆ ನನ್ನ ದನಿ ನಿಮಗೆ ಗೊತ್ತೇ ಇದೆ, ಪಕ್ಕದ ಕೋಣೆಗೂ ಹೋಗುವುದಿಲ್ಲ. ಬರೆದರೆ ಯಾರೂ "ಏನಂದಿ ಆಯಿ, ಜೋರಾಗಿ ಹೇಳು" ಎನ್ನುವುದಿಲ್ಲ. ಅದಕ್ಕೇ ನಿಮ್ಮ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡಿ. ನಕ್ಕರೂ ನನಗೆ ಕೇಳಿಸದ ಹಾಗೆ ನಗಿ.

ಹೋದ ವಾರ ಈಸ್ಟರ್‌ಗೆಂದು ಮನೆಗೆ ಬಣ್ಣ ಹೊಡೆಸಲು ನಿಮ್ಮ ಅವ್ವ ಪೇಂಟಿನವನನ್ನು ಕರೆಸಿದಳಲ್ಲ, ಎಲ್ಲ ಶುರುವಾದದ್ದು ಅವನಿಂದ. ನಡುಮನೆಯ ಗೋಡೆಯ ಮೇಲೆ, ನನ್ನ ಮಂಚದ ತಲೆಯ ಕಡೆ, ರೊಟ್ಟಿಯಷ್ಟು ದೊಡ್ಡ ಒಂದು ಕಲೆ ಇದೆ. ಅವನು ಅದನ್ನು ಉಗುರಿನಿಂದ ಕೆರೆದು, ಮೂಸಿ ನೋಡಿ, ಡಾಕ್ಟರು ರೋಗ ಹೇಳುವ ಹಾಗೆ ಹೇಳಿದ: "ಯಕ್ಕಾ, ಇದು ತಲಿ ಎಣ್ಣಿ ಕಲಿ ನೋಡ್ರಿ. ಮೂರು ಕೋಟ್ ಹೊಡದ್ರೂ ಮಳಿಗಾಲಕ್ಕ ಮತ್ತ ಹೊರಗ ಬರ್ತದ."

ನಿಮ್ಮ ಅವ್ವ ಸೊಂಟಕ್ಕೆ ಕೈಯಿಟ್ಟು ಕೇಳಿದಳು: "ಯಾರ ತಲಿ ಇದು? ಖರೇ ಹೇಳ್ರಿ."

"ನಂದಲ್ಲ. ನನಗ ಕೂದಲಾ ಎಲ್ಲಿ ಅವ?" ಎಂದ ನಿಮ್ಮ ಅಪ್ಪ.

"ನಂದಂತೂ ಅಲ್ಲ. ನಾ ಜೆಲ್ ಹಚ್ಚತೀನಿ," ಎಂದ ಅಭಿ.

"ನಾನಲ್ಲವಾ, ನಾ ಶಾಂಪೂ," ಎಂದಳು ರೂಬಿ.

ನಾನು ಒಳಗೆ ಜೋಳ ಹಸನು ಮಾಡುತ್ತ ಕೂತಿದ್ದೆ. ಎಲ್ಲರೂ ಒಂದೇ ಸಲ ನನ್ನ ತಲೆಯ ಕಡೆ ನೋಡಿದಿರಿ. ತಲೆ ಮಿಂಚುತ್ತಿತ್ತು. ಬೆಳಿಗ್ಗೆ ತಾನೇ ಎಣ್ಣೆ ಹಚ್ಚಿಕೊಂಡಿದ್ದೆ.

ನೀವೆಲ್ಲ ನಕ್ಕಿರಿ, ನಾನೂ ನಕ್ಕೆ. ಆದರೆ ಹೀಗೆ ಒಬ್ಬೊಬ್ಬರೇ "ನಾನಲ್ಲ, ನಾನಲ್ಲ" ಎನ್ನುವುದನ್ನು ಕೇಳಿ ನನಗೆ ನಮ್ಮೂರಿನ ಚರ್ಚಿನ ಫರಸಿ ಕಲ್ಲಿನ ನೆಲ, ಅದರ ಮೇಲೆ ಸುತ್ತುಗಟ್ಟಿ ಕೂತ ಹದಿಮೂರು ಹುಡುಗರು, ನಡುವೆ ಒಂದು ಬೋಗುಣಿ ಬೇಳೆ, ಎಲ್ಲ ಕಣ್ಣ ಮುಂದೆ ಬಂತು. ಅದೂ ಅಲ್ಲದೆ ರೂಬಿ ಭಾನುವಾರ ಸಂಡೇಸ್ಕೂಲಿನಿಂದ ಬಂದು ಒಂದು ಪ್ರಶ್ನೆ ಕೇಳಿದ್ದಳು. ಅದಕ್ಕೆ ನಾನು "ಆಮ್ಯಾಲ ಹೇಳ್ತೀನಿ" ಎಂದು ತಪ್ಪಿಸಿಕೊಂಡಿದ್ದೆ.

ಅವಳ ಪ್ರಶ್ನೆ ಇದು. ಕಡೆಯ ಊಟದ ಹೊತ್ತಿಗೆ ಯೇಸುಸ್ವಾಮಿ "ನಿಮ್ಮಲ್ಲೇ ಒಬ್ಬ ನನ್ನನ್ನು ಹಿಡಿದುಕೊಡುತ್ತಾನೆ" ಎಂದಾಗ ಶಿಷ್ಯರೆಲ್ಲ ಗಾಬರಿಯಾದರು. ಯಾರೆಂದು ಕೇಳುವ ಧೈರ್ಯ ಶಿಷ್ಯರಲ್ಲಿ ಮುಂದಾಳಾದ ಪೇತ್ರನಿಗೂ ಇಲ್ಲ. ಸ್ವಾಮಿಯ ಎದೆಗೆ ಒರಗಿ ಕೂತಿದ್ದ ಪ್ರೀತಿಯ ಶಿಷ್ಯನಿಗೆ ಅವನು ಸನ್ನೆ ಮಾಡಿದ. ಆ ಶಿಷ್ಯನನ್ನು ನಮ್ಮ ಕಡೆ ಎಲ್ಲರೂ ಯೋಹಾನ ಎನ್ನುತ್ತಾರೆ. ಯೋಹಾನ ಒರಗಿದಲ್ಲಿಂದಲೇ ಮೆಲ್ಲಗೆ ಕೇಳಿದ. ಸ್ವಾಮಿ ಅವನಿಗೆ ಹೇಳಿದರು: ನಾನು ಈ ತುತ್ತನ್ನು ಅದ್ದಿ ಯಾರಿಗೆ ಕೊಡುತ್ತೇನೋ ಅವನೇ. ಆಮೇಲೆ ತುತ್ತು ಯೂದನಿಗೆ ಕೊಟ್ಟರು. "ಹಂಗಂದ್ರ ಯೋಹಾನಗ ಗೊತ್ತಾಯ್ತಲ್ಲ ಆಯಿ! ಗೊತ್ತಿದ್ದೂ ಅವ ಪೇತ್ರಗ ಯಾಕ ಹೇಳಲಿಲ್ಲ? ಮತ್ತ ಸ್ವಾಮಿ ಅವನೊಬ್ಬನ್ನ ಯಾಕ ಬಾಜೂಕ ಕೂಡಿಸ್ಕೊಂಡಿದ್ರು? ಉಳದವ್ರು ಏನ್ ಮಾಡಿದ್ರು ಪಾಪ?"

ಪಾಸ್ಟರ್ ಅಯ್ಯನವರು ಇದಕ್ಕೆ ಏನು ಹೇಳುತ್ತಾರೋ ನನಗೆ ತಿಳಿಯದು. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆ. ಆದರೆ ಹತ್ತು ದಿನದ ಮಟ್ಟಿಗೆ ನಾನು ಯೋಹಾನನೂ ಆಗಿದ್ದೆ, ಯೂದನೂ ಆಗಿದ್ದೆ. ಆ ಅನುಭವ ಅಯ್ಯನವರಿಗೆ ಇರಲಾರದು.

ನಮ್ಮೂರು ಚಿಂಚೋಳಿ ತಾಲೂಕಿನಲ್ಲಿ, ಕೊಡ್ಲಿಯಿಂದ ಆಚೆ ಬಂಡಿದಾರಿ ಹಿಡಿದು ಹೋದರೆ ಸಿಗುವ ಸಣ್ಣ ಊರು. ಊರ ಕಡೆಯ ಓಣಿಯಲ್ಲಿ ನಮ್ಮವರ ಇಪ್ಪತ್ತು ಮನೆ, ಒಂದು ಚರ್ಚು. ಚರ್ಚೆಂದರೆ ನಿಮ್ಮ ವಾಡಿಯ ಚರ್ಚಿನ ಹಾಗಲ್ಲ. ಮಣ್ಣಿನ ಗೋಡೆ, ತಗಡಿನ ಮಾಡು. ನೆಲಕ್ಕೆ ಮಾತ್ರ ಶಹಾಬಾದಿ ಫರಸಿ. ಆ ಫರಸಿ ಹಾಸಿದ ವರ್ಷ ಊರಿನ ಗೌಡರೂ ಬಂದು ಬರಿಗಾಲಲ್ಲಿ ನಿಂತು "ಭಾಳ ತಂಪ ಅದ" ಎಂದು ಹೊಗಳಿ ಹೋದರಂತೆ. ಬೇಸಿಗೆಯಲ್ಲಿ ನಾವು ಹುಡುಗರು ಪ್ರಾರ್ಥನೆಗಿಂತ ಆ ತಂಪಿಗೇ ಹೆಚ್ಚು ಹೋಗುತ್ತಿದ್ದೆವು. ದೇವರಿಗೆ ಇದು ಗೊತ್ತಿತ್ತು, ಸಿಟ್ಟು ಮಾಡಲಿಲ್ಲ.

ಅಲ್ಲಿ ನಮಗೆ ಪಾಠ ಹೇಳಲು ಬಂದವರು ಸಲೋಮಿ ಅಕ್ಕೋರು. ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆ ಅಕ್ಕೋರು ಅನ್ನುತ್ತೇವೆ. ಯಾವಾಗಲೂ ಬಿಳಿ ಸೀರೆ. ನಮಗೆ ಅವರು ಭಾಳ ವಯಸ್ಸಾದವರು ಅನಿಸುತ್ತಿತ್ತು. ಆಮೇಲೆ ಲೆಕ್ಕ ಹಾಕಿದರೆ ಆಗ ಅವರಿಗೆ ಇಪ್ಪತ್ತೈದು ತುಂಬಿರಲಿಲ್ಲ. ಮದುವೆಯಾದ ವರ್ಷವೇ ಗಂಡ ಜ್ವರ ಬಂದು ತೀರಿಕೊಂಡಿದ್ದ. ಗಂಡನ ಮನೆ ತೆಂಗಳಿ. ಅಲ್ಲಿಯ ಭಾವ ಯಾಕೋಬಪ್ಪ ತಿಂಗಳಿಗೊಮ್ಮೆ ಬಂದು ಬಿಳಿ ಸೀರೆ ಬಿಳಿಯಾಗಿಯೇ ಇದೆಯೋ ಇಲ್ಲವೋ ನೋಡಿಕೊಂಡು ಹೋಗುತ್ತಿದ್ದರು.

ಇನ್ನು ನನ್ನ ವಿಷಯ. ನನ್ನ ಸಂಕೋಚ ಎಂಥದೆಂದರೆ, ಶಾಲೆಯಲ್ಲಿ ಮಾಸ್ತರರು ಹೆಸರು ಕರೆದರೆ ನಾನು "ಹಾಜರ" ಎನ್ನುತ್ತಿದ್ದೆ, ಆದರೆ ತುಟಿಯ ಒಳಗೇ. ಒಮ್ಮೆ ಅವರು ತಿಂಗಳಿಡೀ ನನ್ನನ್ನು ಗೈರುಹಾಜರಿ ಹಾಕಿ, ಕೂಸಿಗೆ ಏನು ಕಾಯಿಲೆ ಎಂದು ಕೇಳಲು ಮನೆಗೇ ಬಂದರು. ಬಾಗಿಲು ತೆಗೆದವಳು ನಾನೇ. ಚರ್ಚಿನಲ್ಲೂ ಇದೇ ಕಥೆ. ವಚನ ಬಾಯಿಪಾಠ ಒಪ್ಪಿಸುವಾಗ ಉಳಿದವರ ದನಿಗೆ ತಗಡು ನಡುಗುತ್ತಿತ್ತು, ನನ್ನದು ಅಕ್ಕೋರಿಗೇ ಕೇಳುತ್ತಿರಲಿಲ್ಲ.

ಮೂರು ಭಾನುವಾರ ನೋಡಿದರು. ನಾಲ್ಕನೆಯ ಭಾನುವಾರ ತಮ್ಮ ಎಡಗಡೆಯ ಫರಸಿಯನ್ನು ಕೈಯಿಂದ ತಟ್ಟಿದರು. "ರತ್ನೀ, ಇಲ್ಲಿ ಬಾ. ನನ್ನ ಕಿವಿಯಾಗ ಹೇಳು."

ಹೇಳಿದೆ. ಒಂದು ಅಕ್ಷರ ತಪ್ಪದೆ ಹೇಳಿದೆ. ಅಕ್ಕೋರು ಎಲ್ಲರಿಗೂ ಕೇಳುವಂತೆ "ಬರೋಬರಿ!" ಎಂದರು. ಅವತ್ತಿನಿಂದ ಎಡಗಡೆಯ ಆ ಕಲ್ಲು ನನ್ನದಾಯಿತು.

ರೂಬಿ, ನಿನ್ನ ಎರಡನೆಯ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಇಷ್ಟೇ. ಪ್ರೀತಿ ಹೆಚ್ಚಾಗಿ ಹತ್ತಿರ ಕೂಡಿಸಿಕೊಂಡರೆಂದು ಎಲ್ಲರೂ ತಿಳಿಯುತ್ತಾರೆ. ನನ್ನನ್ನು ಕೂಡಿಸಿಕೊಂಡದ್ದು ದನಿ ಸಣ್ಣದಿತ್ತೆಂದು. ಪೇತ್ರ ದೂರ ಕೂತರೂ ಅವನ ದನಿ ಕೇಳುತ್ತಿತ್ತು, ಅವನಿಗೆ ಯಾಕೆ ಹತ್ತಿರದ ಜಾಗ? ಯೋಹಾನನೂ ನನ್ನ ಹಾಗೆ ಬಾಯಿ ಸತ್ತವನೇ ಇದ್ದಿರಬೇಕು ಎಂದು ನನ್ನ ಅನುಮಾನ.

ಹತ್ತಿರ ಕೂತ ಮೇಲೆ ಒರಗುವುದು ತಾನಾಗಿ ಬಂತು. ಮಧ್ಯಾಹ್ನ ಎರಡು ಜೋಳದ ರೊಟ್ಟಿ ಉಂಡು, ಆ ತಂಪು ಕಲ್ಲಿನ ಮೇಲೆ ಕೂತು, ಮೆತ್ತಗಿನ ದನಿಯಲ್ಲಿ ಕಥೆ ಕೇಳಿದರೆ ಯಾರ ತಲೆ ನೆಟ್ಟಗೆ ನಿಂತೀತು? ನನ್ನ ತಲೆ ಅಕ್ಕೋರ ಎಡ ಹೆಗಲಿಗೆ ಹೋಯಿತು. ನಮ್ಮವ್ವ ತಲೆಗೆ ಕುಸುಬಿ ಎಣ್ಣೆ ಹಚ್ಚುತ್ತಿದ್ದಳು, ಒಗ್ಗರಣೆಗೆ ಹಾಕುವುದೂ ಅದೇ. ಹಚ್ಚುವುದರಲ್ಲಿ ಅವಳದು ಧಾರಾಳ ಕೈ. ಎರಡೇ ಭಾನುವಾರಕ್ಕೆ ಬಿಳಿ ಸೀರೆಯ ಹೆಗಲಿನ ಮೇಲೆ ಒಂದು ಹಳದಿ ಕಲೆ ಎದ್ದಿತು.

ನಮ್ಮವ್ವ ಅದನ್ನು ನೋಡಿ ನಾಚಿಕೆಯಿಂದ ಕುಗ್ಗಿಹೋದಳು. "ಅಯ್ಯೋ ಮೂಳಿ, ಅವರಿಗಿ ಇರೋದೇ ಎರಡು ಸೀರಿ. ಒಂದನ್ನ ರೊಟ್ಟಿ ಅರಬಿ ಮಾಡೀದಿ!" ಎಂದು ಬೈದು, ಮುಂದಿನ ಭಾನುವಾರ ಅಂಟವಾಳ ಹಾಕಿ ತಲೆ ತಿಕ್ಕಿ, ಒಂದು ಹನಿ ಎಣ್ಣೆ ಹಚ್ಚದೆ ಕಳಿಸಿದಳು. ನಾನು ಹೋಗಿ ಒಂದು ಗೇಣು ದೂರ ಕೂತೆ. ಕೂದಲು ಜೋಳದ ಸಿಪ್ಪೆಯ ಹಾಗೆ ಎದ್ದು ನಿಂತಿತ್ತು.

ಅಕ್ಕೋರು ನೋಡಿದರು. "ಇವತ್ತ ಎಣ್ಣಿ ಯಾಕ ಇಲ್ಲ?"

ಕಿವಿಯಲ್ಲಿ ಹೇಳಿದೆ: "ಸೀರಿ ಹೊಲಸ ಆಗ್ತದಂತ ರಿ."

ಅವರು ಜೋರಾಗಿ ನಕ್ಕು ನನ್ನ ತಲೆಯನ್ನು ಎಳೆದು ಹೆಗಲಿಗೆ ಒತ್ತಿಕೊಂಡರು. "ಆಗಲಿ ಬಿಡು. ಈ ಸೀರಿ ಮ್ಯಾಲ ಅದೊಂದಾದ್ರೂ ಬಣ್ಣ ಇರಲಿ."

ಆ ಮಾತು ನನಗೆ ಆಗ ಅರ್ಥವಾಗಲಿಲ್ಲ.

ಈಗ ಊಟದ ಕಥೆಗೆ ಬರುತ್ತೇನೆ. ಶುಭ ಶುಕ್ರವಾರದ ಹಿಂದಿನ ದಿನ, ಹೊತ್ತು ಮುಳುಗುವ ಮುಂಚೆ, ನಮ್ಮೂರಲ್ಲಿ ಎಲ್ಲರೂ ಚರ್ಚಿನ ಫರಸಿಯ ಮೇಲೆ ಕೂತು ಒಟ್ಟಿಗೆ ಉಣ್ಣುವ ಪದ್ಧತಿ. ಮನೆಮನೆಯಿಂದ ಅರಿವೆಯಲ್ಲಿ ಕಟ್ಟಿದ ರೊಟ್ಟಿ ಬರುತ್ತಿತ್ತು. ದೊಡ್ಡವರದು ಒಂದು ಸುತ್ತು, ಹುಡುಗರದು ಇನ್ನೊಂದು. ಅವತ್ತು ಹಿರಿಯರು ಕಿರಿಯರಿಗೆ ತಮ್ಮ ಕೈಯಿಂದಲೇ ಒಂದು ತುತ್ತು ಕೊಡಬೇಕು. ನಮ್ಮ ಸುತ್ತಿಗೆ ಹಿರಿಯರು ಅಕ್ಕೋರು.

ಆ ವರ್ಷ ಎರಡು ಸಂಗತಿ ನಡೆದಿದ್ದವು. ಒಂದು, ಅಕ್ಕೋರು ಊರು ಬಿಟ್ಟು ಹೋಗುತ್ತಾರೆ ಎಂಬ ಸುದ್ದಿ. ಅವರು ಮೂರು ಸಲ ಬಸ್ಸು ಹಿಡಿದು ಸೇಡಂಗೆ ಹೋಗಿಬಂದದ್ದನ್ನು ಯಾರೋ ನೋಡಿದ್ದರು. ಇನ್ನೊಂದು, ಹಿಂದಿನ ಭಾನುವಾರ ಅಕ್ಕೋರು ನಮಗೆ ಕಡೆಯ ಊಟದ ಕಥೆಯನ್ನು ಭಾಳ ಚಂದ ಹೇಳಿದ್ದರು. ಸ್ವಾಮಿ ಮೇಜಿನ ಮುಂದೆ ಕುರ್ಚಿ ಹಾಕಿ ಕೂತಿರಲಿಲ್ಲ, ಬೀಗರು ಬಂದಾಗ ನಮ್ಮಲ್ಲಿ ಲೋಡಿಗೆ ಒರಗಿ ಕೂಡುತ್ತಾರಲ್ಲ, ಹಾಗೆ ಒರಗಿದ್ದರು, ಅದಕ್ಕೇ ಪಕ್ಕದವನ ತಲೆ ಎದೆಗೆ ಹತ್ತಿತು ಎಂದು ತೋರಿಸಿಯೇ ಕೊಟ್ಟಿದ್ದರು. ತುತ್ತು ಅದ್ದಿ ಯೂದನ ಕೈಗೆ ಕೊಟ್ಟದ್ದನ್ನು ಹೇಳುವಾಗ ನಮಗೆ ಮೈ ಜುಮ್ ಎಂದಿತ್ತು. ಅಷ್ಟು ಚಂದ ಹೇಳಿದ್ದೇ ತಪ್ಪಾಯಿತು.

ಊಟಕ್ಕೆ ಕೂತೆವು. ನಡುವೆ ಬೋಗುಣಿಯಲ್ಲಿ ಖಾರದ ಬೇಳೆ. ಯಾರಿಗೂ ಊಟದ ಮೇಲೆ ಮನಸ್ಸಿಲ್ಲ. ನನ್ನ ಎದುರಿಗೆ ಎಸ್ತೇರಿ ಕೂತಿದ್ದಳು. ನಮ್ಮೆಲ್ಲರಿಗಿಂತ ದೊಡ್ಡವಳು, ಹದಿಮೂರು ವರ್ಷ, ಮಾತಿನ ಮಲ್ಲಿ. ಹೊಲಕ್ಕೆ ಹಂದಿ ಬಂದರೆ ಒಬ್ಬಳೇ ಕೂಗಿ ಓಡಿಸುತ್ತಿದ್ದಳು. ಅಂಥವಳಿಗೂ ಅವತ್ತು ಅಕ್ಕೋರನ್ನು ಕೇಳುವ ಧೈರ್ಯವಿಲ್ಲ. ಹುಬ್ಬು ಹಾರಿಸಿ ನನಗೆ ಸನ್ನೆ ಮಾಡಿದಳು: ನೀ ಕೇಳು. ನಾನು ತಲೆಯಾಡಿಸಿದೆ: ಒಲ್ಲೆ. ಅವಳು ಕಣ್ಣು ದೊಡ್ಡದು ಮಾಡಿದಳು. ಉಳಿದವರೂ ಕಣ್ಣು ದೊಡ್ಡದು ಮಾಡಿದರು. ಹನ್ನೆರಡು ಜೊತೆ ಕಣ್ಣು! ಹೆದರಿ ಅಕ್ಕೋರ ಹೆಗಲಿಗೆ ಒರಗಿ ಕೇಳಿಯೇಬಿಟ್ಟೆ.

"ಅಕ್ಕೋರೆ, ನೀವು ನಮ್ಮನ್ನ ಬಿಟ್ಟು ಹೋಗಲಿಕತ್ತೀರಂತ, ಖರೇನ್ರಿ?"

ಅಕ್ಕೋರು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು. ಆಮೇಲೆ ಬಗ್ಗಿ ನನ್ನ ಕಿವಿಯಲ್ಲಿ, ಮಕ್ಕಳೇ, ಎಷ್ಟೋ ವರ್ಷವಾದರೂ ಆ ಉಸಿರಿನ ಬಿಸಿ ನನ್ನ ಕಿವಿಯಲ್ಲೇ ಇದೆ, ಹೇಳಿದರು:

"ಎಲ್ಲೂ ಹೋಗಂಗಿಲ್ಲವ್ವ. ಲಗ್ನ ಆಗಲಿಕತ್ತೀನಿ. ಸೇಡಂದಾಗ. ಇನ್ನ ಹತ್ತು ದಿನಕ್ಕ. ನಮ್ಮ ಭಾವನೋರಿಗಿ ಮೊದಲೇ ತಿಳದ್ರ ತೆಂಗಳಿಗಿ ಒಯ್ದು ಕೂಡಿಸ್ತಾರ, ಆಗಗೊಡಂಗಿಲ್ಲ. ಪಾಸ್ಟರ್ ಅಯ್ಯನೋರಿಗಿ, ಅವರ ಅಮ್ಮನೋರಿಗಿ ಬಿಟ್ರ ಯಾರಿಗೂ ಗೊತ್ತಿಲ್ಲ. ನೀ ಯಾರ ಮುಂದೂ ಹೇಳಬ್ಯಾಡ." ಮತ್ತೆ ಸಣ್ಣಗೆ ನಕ್ಕು, "ನಿನಗ ಹೇಳೀನಂದ್ರ ಯಾರಿಗೂ ಹೇಳಿಲ್ಲ ಅಂದಂಗ," ಎಂದರು.

ಹುಡುಗರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಅಕ್ಕೋರು ಅದನ್ನು ಕಂಡು, ಮಾತು ಮರೆಸಲೆಂದು, ಒಂದು ರೊಟ್ಟಿ ಮುರಿದು ತುತ್ತನ್ನು ಬೇಳೆಯಲ್ಲಿ ಅದ್ದಿ ಎಸ್ತೇರಿಯ ಕಡೆ ಚಾಚಿದರು. "ತಗೋ, ಮೊದಲ ದೊಡ್ಡಾಕಿ ನೀ."

ಎಸ್ತೇರಿ ಹಾವು ಕಂಡವಳ ಹಾಗೆ ಹಿಂದೆ ಸರಿದಳು. "ನಾ ಒಲ್ಲೆ ರಿ!"

"ಯಾಕವ್ವ?"

"ಅದು ಯೂದಂದು ರಿ. ಅದ್ದಿದ ತುತ್ತು. ನಾನಲ್ರಿ!"

ಅಷ್ಟೇ ಸಾಕಾಯಿತು. ತುತ್ತು ಯಾರ ಕಡೆ ತಿರುಗಿದರೂ ಅವರು "ನಾನಲ್ರಿ, ನಾನಲ್ರಿ" ಎಂದು ಬಾಯಿ ಮುಚ್ಚಿಕೊಂಡರು. ಬೆಂಜಮಿನ ಎಂಬ ಹುಡುಗ ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, ಅದೂ ಸಾಲದೆಂದು ಕಣ್ಣೂ ಮುಚ್ಚಿಕೊಂಡ.

ಮೊದಲು ಅಕ್ಕೋರು ನಕ್ಕರು. ಆಮೇಲೆ ನಗು ನಿಂತಿತು. ಕೈ ಮಾತ್ರ ಬೋಗುಣಿಯ ಮೇಲೆ ಹಾಗೇ ಇತ್ತು, ಬೇಳೆ ತೊಟ್ಟಿಕ್ಕುತ್ತಿತ್ತು. ಊರಲ್ಲಿ ಯಾರ ಮದುವೆಯಾದರೂ ಅಕ್ಕೋರ ಕೈಯಿಂದ ಅರಿಶಿನ ಹಚ್ಚಿಸಿಕೊಳ್ಳುತ್ತಿರಲಿಲ್ಲ, ಬಿಳಿ ಸೀರೆಯವರು ಎಂದು. ಅದನ್ನು ನಾನು ದೊಡ್ಡವಳಾದ ಮೇಲೆ ತಿಳಿದೆ. ಆಗ ತಿಳಿದದ್ದು ಇಷ್ಟೇ, ನಾನು ಒರಗಿದ್ದ ಹೆಗಲು ನಡುಗುತ್ತಿತ್ತು. ನೀವೆಲ್ಲ ಎದುರಿಗೆ ಕೂತು ಮುಖ ನೋಡುತ್ತೀರಿ. ಒರಗಿದವರಿಗೆ ಮುಖ ಕಾಣುವುದಿಲ್ಲ, ಒಳಗಿನ ನಡುಕ ಗೊತ್ತಾಗುತ್ತದೆ.

ನನಗೂ ಹೆದರಿಕೆ ಇತ್ತು. ಆ ತುತ್ತು ತಿಂದವನೊಳಗೆ ಸೈತಾನ ಹೊಕ್ಕ ಎಂದು ಅಕ್ಕೋರೇ ಹೇಳಿದ್ದರು. ಆದರೆ ಕೊಡುವ ಕೈ ಇವರದಲ್ಲವೇ? ಇವರು ಕೊಟ್ಟದ್ದರಲ್ಲಿ ಕೆಟ್ಟದ್ದು ಹೇಗೆ ಇದ್ದೀತು? ಇಷ್ಟು ಯೋಚಿಸಿ ನಾನು ಬಾಯಿ ತೆರೆದೆ.

ತುತ್ತು ಬಾಯಿಗೆ ಬಿತ್ತು. ಸೈತಾನನೇನೂ ಹೊಗಲಿಲ್ಲ, ಖಾರ ಹೊಕ್ಕಿತು. ಆ ವರ್ಷದ ಮೆಣಸಿನಕಾಯಿ ಅಂಥದ್ದು. ಕಣ್ಣಿಂದ ನೀರು ದಳದಳ ಇಳಿಯಿತು.

"ನೋಡ್ರೋ," ಎಂದಳು ಎಸ್ತೇರಿ, "ಯೂದ ಅಳಲಿಕತ್ತಾನ!"

ಅಲ್ಲಿಂದ ಹತ್ತು ದಿನ ನನ್ನ ಹೆಸರು ಯೂದವ್ವ. ನೀರಿಗೆ ಹೋದರೆ ಯೂದವ್ವ, ಒಲೆಗೆ ಒಣಸಗಣಿಯ ಕುರುಳು ಆರಿಸಲು ಹೋದರೆ ಯೂದವ್ವ. ಎಸ್ತೇರಿಗೆ ಸಿಟ್ಟು ಬಂದದ್ದು ತುತ್ತಿಗಲ್ಲ, ಕೇಳಿ ತಿಳಿದುಕೊಂಡು ಹೇಳಲಿಲ್ಲವೆಂದು. "ನಾ ಸನ್ನಿ ಮಾಡಿದ್ದಕ್ಕ ನೀ ಕೇಳೀದಿ. ಅದು ನನ್ನ ಪ್ರಶ್ನಿ. ಉತ್ತರ ನಂದು. ಹೋಗ್ತಾರೋ ಇಲ್ಲೋ, ಅಷ್ಟರೇ ಹೇಳು!" ಎಂದು ಬೇಲಿಯ ಹತ್ತಿರ ನನ್ನ ಜಡೆ ಹಿಡಿದು ನಿಂತಳು. ಆಮೇಲೆ ಸೆರಗಿನ ತುಂಬ ಬಾರೆಹಣ್ಣು ತಂದು ತೋರಿಸಿದಳು. ಆಮೇಲೆ ಅತ್ತಳು. ಅದು ಎಲ್ಲಕ್ಕಿಂತ ಕಷ್ಟವಾಯಿತು. "ಹೋಗಂಗಿಲ್ಲ" ಎಂದು ಒಂದು ಮಾತು ಹೇಳಿದ್ದರೆ ಅವಳ ಅಳು ನಿಲ್ಲುತ್ತಿತ್ತು. ಆದರೆ ಎಸ್ತೇರಿ ದಾರದ ಒಂದು ತುದಿ ಸಿಕ್ಕರೆ ಇಡೀ ಉಂಡೆ ಎಳೆಯುವವಳು. ಸಂಜೆಯೊಳಗೆ ತೆಂಗಳಿಯವರೆಗೂ ಸುದ್ದಿ ಹೋಗುತ್ತಿತ್ತು. ತುಟಿ ಕಚ್ಚಿಕೊಂಡು ನಿಂತೆ.

ಸುದ್ದಿ ಹೇಗೋ ಅರ್ಧ ಹೋಗಿಯೇ ಇತ್ತು. ಈಸ್ಟರ್ ಮುಗಿದ ಮೂರನೆಯ ದಿನ ಯಾಕೋಬಪ್ಪ ನಮ್ಮ ಮನೆಗೇ ಬಂದರು. ದೊಡ್ಡ ಮೀಸೆ, ಕೈಯಲ್ಲಿ ಬತ್ತಾಸಿನ ಪೊಟ್ಟಣ. ಅಪ್ಪ ಕಂಬಳಿ ಹಾಸಿ "ಕುಂದ್ರಿ" ಎಂದ. ನಾನು ಕಂಬದ ಹಿಂದೆ.

"ಕೂಸೇ, ಬಾ ಇಲ್ಲಿ. ಅವತ್ತ ಅಕ್ಕೋರು ನಿನ್ನ ಕಿವಿಯಾಗ ಏನೋ ಅಂದ್ರಂತಲ್ಲ. ಏನದು?"

ನಾನು ಒಂದು ಕೈಯಿಂದ ಕಂಬ ಹಿಡಿದುಕೊಂಡೇ ಹೊರಗೆ ಬಂದೆ. ಇನ್ನು ಮೂರೇ ದಿನ ಉಳಿದಿತ್ತು. ಆ ಮೂರು ದಿನ ನನ್ನ ನಾಲಿಗೆಯ ತುದಿಯಲ್ಲಿ ಕೂತಿದ್ದವು.

"ಅದು ಮಾತಾಡೋ ಕೂಸಲ್ರಿ ಅಣ್ಣಾ," ಎಂದಳು ಅವ್ವ. "ಸಾಲ್ಯಾಗ ಹಾಜರಿ ಸುದ್ದಾ ಹೇಳಂಗಿಲ್ಲ. ಮಾಸ್ತರರು ಮೂಗಿ ಅಂತ ಬರಕೊಂಡಾರ."

"ಮಾತಾಡಿಸಿದ್ರ ಮಾತಾಡ್ತದ. ತಗೋ ತಂಗಿ," ಎಂದು ಯಾಕೋಬಪ್ಪ ಒಂದು ಬತ್ತಾಸು ಕೊಟ್ಟರು.

ಬಾಯಲ್ಲಿ ಹಾಕಿಕೊಂಡೆ. ಬಾಯಿ ತುಂಬಿದಾಗ ಮಾತಾಡಬಾರದು ಎಂದು ಅವ್ವ ಕಲಿಸಿದ್ದಳು.

"ಈಗ ಹೇಳು. ಸೇಡಂ ಸುದ್ದಿ ಏನರೆ ಅಂದ್ರೇನು?"

ನುಂಗಿದೆ. ಕೈ ಚಾಚಿದೆ. ಇನ್ನೊಂದು ಕೊಟ್ಟರು. ಅದೂ ಬಾಯಿಗೆ ಹೋಯಿತು. ಹೀಗೆ ಅವರು ಕೇಳುವುದು, ನಾನು ಕೈ ಚಾಚುವುದು, ಬತ್ತಾಸು ಕರಗುವುದು. ಪೊಟ್ಟಣ ಖಾಲಿಯಾಯಿತು. ಯಾಕೋಬಪ್ಪ ಕಾಗದವನ್ನು ಕೊಡವಿ ನೋಡಿ, ನನ್ನನ್ನು ನೋಡಿ, ಅಪ್ಪನಿಗೆ ಹೇಳಿದರು: "ಖರೇನೇ ಮೂಗಿ ಅದ ಪಾಪ. ಹೊಟ್ಟಿ ಮಾತ್ರ ಭಾಳ ಚಲೋ ಅದ."

ಅವರು ಹೋದ ಮೇಲೆ ನಾನು ಹಿತ್ತಲಿಗೆ ಹೋಗಿ ಒಬ್ಬಳೇ ನಕ್ಕೆ. ಯೂದ ಬೆಳ್ಳಿ ನಾಣ್ಯ ತೆಗೆದುಕೊಂಡು ಹಿಡಿದುಕೊಟ್ಟ, ನಾನು ಬತ್ತಾಸು ತಿಂದೂ ಹಿಡಿದುಕೊಡಲಿಲ್ಲ. ಹುಟ್ಟಿದಾಗಿನಿಂದ ಎಲ್ಲರೂ ಬೈಯುತ್ತಿದ್ದ ನನ್ನ ಸಂಕೋಚ ಮೊದಲ ಸಲ ಯಾರದೋ ಉಪಯೋಗಕ್ಕೆ ಬಿದ್ದಿತ್ತು. ಅಕ್ಕೋರಿಗೆ ಮಾತು ಬಲ್ಲವರು ಯಾರೂ ಬೇಕಾಗಿರಲಿಲ್ಲ, ಮಾತು ಇಟ್ಟುಕೊಳ್ಳುವವರು ಬೇಕಾಗಿತ್ತು. ರೂಬಿ, ನಿನ್ನ ಮೊದಲನೆಯ ಪ್ರಶ್ನೆಗೂ ನನ್ನ ಹತ್ತಿರ ಇರುವುದು ಇಷ್ಟೇ. ಯೋಹಾನ ಯಾಕೆ ಹೇಳಲಿಲ್ಲವೆಂದು ಅವನಿಗೇ ಗೊತ್ತು. ಆದರೆ ಒರಗಿಕೊಂಡಾಗ ಸಿಕ್ಕ ಮಾತನ್ನು ಎದ್ದು ನಿಂತು ಹೇಳಲು ನನಗೆ ಆಗಲಿಲ್ಲ. ಪೇತ್ರನ ಕೈಯಲ್ಲಿ ಅವತ್ತು ಕತ್ತಿ ಇತ್ತಂತೆ, ತಿಳಿದಿದ್ದರೆ ಯೂದನ ಮೇಲೆ ಬೀಸುತ್ತಿದ್ದನೇನೋ. ನಮ್ಮ ಎಸ್ತೇರಿಗೆ ಅದೂ ಬೇಕಿರಲಿಲ್ಲ, ನಾಲಿಗೆಯೇ ಸಾಕಿತ್ತು.

ಮುಂದಿನ ಭಾನುವಾರ. ಚರ್ಚಿನ ಗಂಟೆ ಹೊಡೆದರೂ ಅಕ್ಕೋರಿಲ್ಲ. ಎಸ್ತೇರಿ ನನ್ನ ಕಡೆ ಬೆರಳು ಮಾಡಿ "ಹೋದ್ರು ನೋಡು, ಹೋಗೇಬಿಟ್ರು" ಎಂದಳು. ಅಷ್ಟರಲ್ಲಿ ಬಾಗಿಲಲ್ಲಿ ಹಸಿರು ಬಣ್ಣ ಬೆಳಗಿತು.

ಗಿಳಿಹಸಿರು ಸೀರೆ. ಕೆಂಪು ಅಂಚು. ಕೈಯಲ್ಲಿ ಬಳೆ, ತಲೆಯಲ್ಲಿ ಮಲ್ಲಿಗೆ. ನಮಗೆ ಯಾರೆಂದೇ ತಿಳಿಯಲಿಲ್ಲ. ಹಿಂದೆ ತೆಳ್ಳಗಿನ ಒಬ್ಬ ಮನುಷ್ಯ, ಕಿವಿಯ ಮೇಲೆ ಸೀಸಪೆನ್ಸಿಲ್ಲು, ಅವರ ಹಿಂದೆ ಬಂಡಿಯಲ್ಲಿ ಒಂದು ಹೊಲಿಗೆ ಮಷಿನ್ನು! ಅವರು ಸೇಡಂನ ಟೇಲರು. ಮಷಿನ್ನು ಎಲ್ಲಿಟ್ಟರೂ ಹೊಲಿಯುತ್ತದೆ, ಅಕ್ಕೋರಿಗೆ ಈ ಹುಡುಗರು ಬೇಕು ಎಂದು ಅವರೇ ನಮ್ಮೂರಿಗೆ ಬಂದುಬಿಟ್ಟಿದ್ದರು. ಪಾಸ್ಟರ್ ಅಯ್ಯನವರು "ನಿನ್ನೆ ಇವರ ಲಗ್ನ ಆಯ್ತು" ಎಂದದ್ದೇ ತಡ, ಹೆಂಗಸರು ಒಂದು ಕ್ಷಣ ಬಾಯಿ ತೆರೆದು ಕೂತರು. ಮರುಕ್ಷಣ ನಮ್ಮವ್ವನೇ ಮೊದಲು ಎದ್ದು ಹೋಗಿ ಅಕ್ಕೋರ ಗಲ್ಲ ಹಿಡಿದು ಮುತ್ತು ಕೊಟ್ಟಳು.

ಪಾಠಕ್ಕೆ ಕೂತೆವು. ನಾನು ಒಂದು ಮಾರು ದೂರ ಕೂತೆ. ಹೊಸ ಸೀರೆ, ನನ್ನದು ಎಣ್ಣೆ ತಲೆ.

ಅಕ್ಕೋರು ಎಡಗಡೆಯ ಕಲ್ಲು ತಟ್ಟಿದರು. "ಬಾ ರತ್ನೀ. ಹಸಿರಿನ ಮ್ಯಾಲ ಕಲಿ ಕಾಣಂಗಿಲ್ಲ."

ಆಮೇಲೆ ಗಂಟು ಬಿಚ್ಚಿದರು. ಹೋಳಿಗೆ. ಒಂದನ್ನು ಮುರಿದು, ಬಟ್ಟಲಿನ ತುಪ್ಪದಲ್ಲಿ ಅದ್ದಿ, ಬೇಕೆಂದೇ ಎಸ್ತೇರಿಯ ಮುಂದೆ ಹಿಡಿದರು. "ಇದು ಯೂದಂದು. ಯಾರಿಗಿ ಬೇಕು?"

"ನಂದು ರಿ! ನಾನೇ ರಿ!" ಎಂದು ಎಸ್ತೇರಿ ಕೈಯೊಂದಿಗೇ ನುಂಗುವವಳ ಹಾಗೆ ಬಾಯಿ ತೆರೆದಳು. ಹದಿಮೂರೂ ಜನ "ನಾನೇ ರಿ, ನಾನೇ ರಿ" ಎಂದು ಮೈಮೇಲೆ ಬಿದ್ದೆವು. ಬೆಂಜಮಿನ ಎರಡು ಸಲ ತಿಂದ.

ಯಾಕೋಬಪ್ಪ ಒಂದು ತಿಂಗಳಿಗೆ ಜಗಳಕ್ಕೆಂದೇ ಬಂದರು. ಅವರು ಕೂಗಾಡುತ್ತಿದ್ದಾಗ ಟೇಲರು ಮಾತಾಡದೆ ಟೇಪು ಹಿಡಿದು ಅವರ ಎದೆಯ ಅಳತೆ ತೆಗೆದರಂತೆ. ಕೂಗು ಮುಗಿಯುವ ಹೊತ್ತಿಗೆ ತೋಳಿನ ಅಳತೆಯೂ ಆಗಿತ್ತು. ಮುಂದಿನ ಸಲ ಬಂದವರು ಹೊಸ ಅಂಗಿ ಹಾಕಿಕೊಂಡು, ಮೀಸೆ ಸರಿಮಾಡಿಕೊಂಡು ಹೋದರು. ನನ್ನನ್ನು ಕಂಡಾಗ ಮಾತ್ರ "ಮೂಗಿ, ನನ್ನ ಬತ್ತಾಸು ವಾಪಸ್ ಕೊಡು" ಎನ್ನುತ್ತಿದ್ದರು.

ನನ್ನ ಮದುವೆಯಾಗಿ ರೈಲ್ವೆ ಕೆಲಸದ ನಿಮ್ಮ ಮುತ್ಯಾನ ಜೊತೆ ಈ ವಾಡಿಗೆ ಬರುವಾಗ ಅಕ್ಕೋರು ತಾವು ಓದುತ್ತಿದ್ದ ವೇದಪುಸ್ತಕವನ್ನು, ನೀವು ಬೈಬಲ್ ಎನ್ನುತ್ತೀರಲ್ಲ ಅದನ್ನು, ನನಗೆ ಕೊಟ್ಟರು. ಬಿಳಿ ಅರಿವೆಯಲ್ಲಿ ಸುತ್ತಿ ಕೊಟ್ಟಿದ್ದರು. ಅಂಚನ್ನು ಟೇಲರು ಮಡಿಸಿ ಹೊಲಿದಿದ್ದರು. ರೈಲಿನಲ್ಲಿ ಕೂತು ಬಿಚ್ಚಿ ನೋಡಿದೆ. ಅರಿವೆಯ ನಡುವೆ ಸರಿಯಾಗಿ ಆ ಹಳದಿ ಕಲೆ. ಇಡೀ ಸೀರೆಯಲ್ಲಿ ಅದೇ ತುಂಡನ್ನು ಹುಡುಕಿ ಕತ್ತರಿಸಿದ್ದರು.

ನಿಮ್ಮ ಮುತ್ಯಾ ತೀರಿಕೊಂಡಾಗ ಓಣಿಯ ಹೆಂಗಸರು ರೂಢಿಯಂತೆ ನನಗೆ ಒಂದು ಬಿಳಿ ಸೀರೆ ತಂದರು. ಒಳ್ಳೆಯ ಮನಸ್ಸಿನಿಂದಲೇ ತಂದಿದ್ದರು. ನಾನು ಅದನ್ನು ಮಡಿಚಿ ಪಕ್ಕಕ್ಕಿಟ್ಟು "ನನಗ ಹಸಿರು ಕೊಡ್ರಿ" ಎಂದೆ. ಮನೆ ತುಂಬ ಜನ. ಎಲ್ಲರಿಗೂ ಕೇಳಿಸಿತು. ನನ್ನ ದನಿ ಅಷ್ಟು ದೂರ ಹೋದದ್ದು ಅದೇ ಮೊದಲು. ಎಸ್ತೇರಿ ಸೇಡಂನಿಂದ ಬಂದು ಮೂಲೆಯಲ್ಲಿ ಅಳುತ್ತ ಕೂತಿದ್ದವಳು ತಲೆ ಎತ್ತಿ, "ಯೂದವ್ವ ಮಾತಾಡಿದ್ಲು ನೋಡ್ರೇ!" ಎಂದಳು. ಆ ದುಃಖದಲ್ಲೂ ನನಗೆ ನಗು ಬಂತು.

ಅವಳು ಈಗಲೂ ಫೋನಿನಲ್ಲಿ ನನ್ನನ್ನು ಹಾಗೆಯೇ ಕರೆಯುತ್ತಾಳೆ. ನಿನ್ನೆ ಗೋಡೆಯ ಕಥೆ ಹೇಳಿದೆ. "ಆ ಪೇಂಟಿನವಗ ಹೇಳು, ಅರವತ್ತು ವರ್ಷ ತಿಕ್ಕಿದ್ರೂ ನಮ್ಮ ರತ್ನಿ ಕಲಿ ಹೋಗಂಗಿಲ್ಲಂತ," ಎಂದು ನಕ್ಕಳು.

ಪೇಂಟಿನವನು ಮೂರು ಕೋಟ್ ಹೊಡೆದು ಹೋಗಿದ್ದಾನೆ. ಗೋಡೆ ಈಗ ಬೆಳ್ಳಗಿದೆ, ನಿಮ್ಮ ಅವ್ವ ಸಂತೋಷವಾಗಿದ್ದಾಳೆ. ಮಳೆಗಾಲದವರೆಗೆ ನಾನೂ ಸುಮ್ಮನಿರುತ್ತೇನೆ.

ಇಷ್ಟು ಬರೆಯುವ ಹೊತ್ತಿಗೆ ರೂಬಿ ಬಂದು ಪಕ್ಕದಲ್ಲಿ ಕೂತಳು. ಓದುತ್ತ ಓದುತ್ತ ತಲೆಯನ್ನು ನನ್ನ ಎಡ ಹೆಗಲಿಗೆ ಇಟ್ಟಳು. ಶಾಂಪೂ ಎಂದಿದ್ದಳಲ್ಲ, ಸುಳ್ಳು. ನನ್ನ ಬಾಟಲಿಯಿಂದ ಕದ್ದು ಎಣ್ಣೆ ಹಚ್ಚಿಕೊಂಡಿದ್ದಳು, ವಾಸನೆ ಗೊತ್ತಾಗದೇ ಇರುತ್ತದೆಯೇ? ನಾನು ಹೆಗಲನ್ನು ಸ್ವಲ್ಪ ತಗ್ಗಿಸಿಕೊಟ್ಟೆ. ಅವಳು ಈ ಹಾಳೆಯ ತನಕ ಓದಿ, ನನ್ನ ಕಿವಿಯ ಹತ್ತಿರ ಬಾಯಿ ತಂದು ಒಂದು ಮಾತು ಹೇಳಿ ಓಡಿಹೋದಳು.

ಅಭಿ, ಏನು ಹೇಳಿದಳೆಂದು ಕೇಳಬೇಡ. ಬತ್ತಾಸು ತಂದರೆ ಬೇಡ ಎನ್ನುವುದಿಲ್ಲ, ತಾ. ಪೊಟ್ಟಣ ದೊಡ್ಡದಿರಲಿ.